ಕಾಗದ ಅದ್ದಿ ನೋಡಿದ ಊಟ

೧೨ ಜನವರಿ ೧೯೬೪, ರವಿವಾರ. ಬೆಳಿಗ್ಗೆ ಎಂಟು. ದಾಂಡೇಲಿ.

ಚಹಾ ಆಯಿತು. ಅಕ್ಕ ಸತ್ತೆವ್ವ ಮತ್ತೆ ಪುಂಡಿ ಪಲ್ಯ ಮಾಡಿದ್ದಾಳೆ. ಚಿಗಳ್ಳಿಯಿಂದ ಡಾಕ್ಟರಿಗೆ ತೋರಿಸಿಕೊಳ್ಳಲು ಬಂದವಳು. ಸಕ್ಕರೆ ಕಾಯಿಲೆ, ಕಾಲು ಬಾವು, ನಾಲ್ಕು ಹೆಜ್ಜೆಗೆ ಏದುಸಿರು. ಆದರೂ ಒಲೆ ಬಿಡುವುದಿಲ್ಲ.

ಮಿಲ್ಲಿನ ಲ್ಯಾಬಿನಿಂದ ತಂದ ಲಿಟ್ಮಸ್ ಕಾಗದವನ್ನು ಪಲ್ಯದ ರಸದಲ್ಲಿ ಅದ್ದಿದೆ. ನೀಲಿ ಹೋಗಿ ಕೆಂಪು. ಕ್ಲಿಯರ್ ಆ್ಯಸಿಡ್.

"ಅಕ್ಕಾ, ಇದು ನಿನಗ ವಿಷ."

"ಆ ಚೀಟಿ ಒಲಿಗೆ ಹಾಕು. ಪುಂಡಿ ಹುಳಿ ಇರತೈತಿ ಅನ್ನಾಕ ಕಾಲೇಜಿಗೆ ಹೋಗಬೇಕಿತ್ತೇನೋ?"

ನನ್ನ ಹೆಂಡತಿ ಮಾಲವ್ವ ಹೀಗೆ ವಾದಿಸುತ್ತಿರಲಿಲ್ಲ. ಎದೆ ಉರಿ ಎಂದಾಗ ಕಂಪೌಂಡರ್ 'ಆ್ಯಸಿಡ್ ಜಾಸ್ತಿ' ಅಂದಿದ್ದ. ಅಂದಿನಿಂದ ಪ್ರತಿ ಊಟಕ್ಕೂ ಕಾಗದ. ಪುಂಡಿ, ಲಿಂಬೆ, ಮಜ್ಜಿಗೆ, ಬದನೆಕಾಯಿ ಕೂಡ — ಕೆಂಪಾದದ್ದೆಲ್ಲ ಬಂದ್. ಒಂದೂವರೆ ವರ್ಷ ಬರೀ ರೊಟ್ಟಿ, ಅನ್ನ, ಬೇಳೆ, ಉಪ್ಪು. ಸೈಂಟಿಫಿಕ್ ಡಯಟ್. ಹೋದ ಫೆಬ್ರವರಿಯಲ್ಲಿ ಹಾರ್ಟು ನಿಂತಿತು... ನಾನು ಇನ್ನೂ ಸ್ಟ್ರಿಕ್ಟ್ ಆಗಿರಬೇಕಿತ್ತು.

೨೦ ಜನವರಿ, ಸೋಮವಾರ

ಹಳಿಯಾಳಕ್ಕೆ ಹೋಗಿ ಬಂದೆವು. ಡಾಕ್ಟರ್ ಅಡಿವೆಯ್ಯನವರಿಗೆ ನನ್ನ ಥಿಯರಿ ಹೇಳಿದೆ. ಹೆಮ್ಮೆಯಿಂದಲೇ ಹೇಳಿದೆ. ನಕ್ಕರು.

"ಈಶಪ್ಪಾರ, ನಾಲಿಗಿಗೆ ಹುಳಿ ಆದದ್ದೆಲ್ಲಾ ಮೈಯಾಗ ಆ್ಯಸಿಡ್ ಆಗಂಗಿಲ್ರಿ. ಅರಗಿದ ಮ್ಯಾಲೆ ಏನು ಉಳೀತೈತಿ ಅದನ್ನ ನೋಡಬೇಕು. ಲಿಂಬಿ, ಕಾಯಿಪಲ್ಯ ಆ್ಯಸಿಡ್ ತಗ್ಗಸ್ತಾವು. ಬರೇ ರೊಟ್ಟಿ, ಬ್ಯಾಳಿ ತಿಂದ್ರ ಏರತೈತಿ. ಅದರಿಂದ ಬೀಪಿ, ಸಕ್ಕರಿ, ಹಾರ್ಟಿಗೂ ತ್ರಾಸು ಅಂತ ಕೆಲವರು ಅಂತಾರ. ಇನ್ನೂ ಪಕ್ಕಾ ಆಗಿಲ್ಲ. ಅಕ್ಕಾರಿಗೆ ಪಲ್ಯ ತಿನ್ನಾಕ ಬಿಡ್ರಿ. ಉಪ್ಪು ಕಡಿಮಿ."

ಆ್ಯಸಿಡ್ ಆ್ಯಶ್, ಆಲ್ಕಲೈನ್ ಆ್ಯಶ್, ಅಂದರೆ ಅರಗಿದ ಮೇಲೆ ಉಳಿಯುವ ಬೂದಿ ಆಮ್ಲವೋ ಕ್ಷಾರವೋ ಎಂಬ ಲೆಕ್ಕ — ಧಾರವಾಡದಲ್ಲಿ ಇಂಟರ್ ಓದುವಾಗ ಎಲ್ಲೋ ನೋಡಿದ್ದೆ. ಅರ್ಧ ಮಾತ್ರ ನೆನಪಿತ್ತು.

"ನನ್ನ ಹೆಂಡ್ತಿಗೆ ಅದನ್ನೆಲ್ಲಾ ಬಿಡಿಸಿದ್ದೆರಿ. ಹೋದ ವರ್ಷ ಹಾರ್ಟು ನಿಂತು ಹೋದ್ಲು."

ಬರೆಯುವುದನ್ನು ನಿಲ್ಲಿಸಿದರು.

"ಅಷ್ಟಕ್ಕ ಹಾರ್ಟು ನಿಲ್ಲಂಗಿಲ್ರಿ." ಮತ್ತೊಮ್ಮೆ, ನನ್ನ ಮುಖ ನೋಡದೆ — "ಅಷ್ಟಕ್ಕ ನಿಲ್ಲಂಗಿಲ್ಲ."

೯ ಫೆಬ್ರವರಿ, ರವಿವಾರ. ಸಂಜೆ

ಇಪ್ಪತ್ತು ದಿನ ಬರೆಯಲಿಲ್ಲ. ಅಕ್ಕನ ಕಾಲಿನ ಬಾವು ಇಳಿದಿದೆ. ಔಷಧಿಯೋ, ಪಲ್ಯವೋ. ಸಂತೋಷಪಡಬೇಕು. ಆ ಕಾಲು ನೋಡಲಾಗುತ್ತಿಲ್ಲ.

ಒಂದೇ ಆಸೆ ಉಳಿದಿತ್ತು. ಮಾಲವ್ವ ಕದ್ದಾದರೂ ತಿಂದಿರಬೇಕು. ಪಕ್ಕದ ಕ್ವಾರ್ಟರ್ಸಿನ ಸಕ್ಕುಬಾಯಿಯ ಹಿತ್ತಲಲ್ಲಿ ಲಿಂಬೆ ಗಿಡ. ನಾನು ಡ್ಯೂಟಿಗೆ ಹೋದರೆ ಅಲ್ಲೇ ಕೂರುತ್ತಿದ್ದಳು. ಇವತ್ತು ಧೈರ್ಯ ಮಾಡಿ ಹೋಗಿ ಕೇಳಿದೆ.

"ಖರೇ ಹೇಳ್ರಿ. ಆಕಿ ನಿಮ್ಮಲ್ಲೆ ಏನರೆ ತಿಂತಿದ್ಲೇನು? ನಾ ಸಿಟ್ಟಾಗೂದಿಲ್ಲ."

"ಎಷ್ಟ್ ಸಲ ಕೊಟ್ಟೇನ್ರಿ ಅಣ್ಣಾರ, ಲಿಂಬಿ ಹೋಳು! ಮೂಸಿ ನೋಡಾಕಿ, ತಿರುಗಿ ಕೊಡಾಕಿ. 'ತಿಂದ್ಬಿಡ ಮಾಲಕ್ಕ, ನಿನ್ನ ನಾಲಿಗಿಗೂ ಕಾಗದ ಹಚ್ಚಿ ನೋಡ್ತಾರೇನು' ಅಂತ ಚ್ಯಾಷ್ಟಿ ಮಾಡಿದೆ. ನಗಲೇ ಇಲ್ರಿ. 'ಅವರು ಓದಿದವರದಾರ, ನಾ ಬದುಕಲಿ ಅಂತನ ಮಾಡ್ಯಾರ' ಅಂದ್ಲು."

ಮೂಸಿ ನೋಡುತ್ತಿದ್ದಳಂತೆ.

ಸಕ್ಕುಬಾಯಿ ಒಂದು ಸುಳ್ಳು ಹೇಳಬಹುದಿತ್ತು.

ಮಾಲೂ, ಒಂದೇ ಒಂದು ಹೋಳು ನೀನು —