ಅಪ್ಪ ಆರಿಸಿದ ಕೋಟು

ಅಂಗಡಿಯ ಅಟ್ಟದಿಂದ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಗಂಟಲು ನೋವು ಹೇಗಿದೆ? ಬಿಸಿನೀರು ಕುಡಿಯುತ್ತಿದ್ದೀಯೋ, ಇಲ್ಲ ಫ್ರೆಂಚಿನಲ್ಲೇ ಕೆಮ್ಮುತ್ತಿದ್ದೀಯೋ? ಅಮ್ಮ ಗಟ್ಟಿಮುಟ್ಟಾಗಿದ್ದಾಳೆ. ಜ್ವರ ಬಂದಿರುವುದು ಇಸ್ತ್ರಿಪೆಟ್ಟಿಗೆಗೆ ಮಾತ್ರ. ಒಮ್ಮೆ ಕಾದು, ಒಮ್ಮೆ ತಣ್ಣಗಾಗುತ್ತದೆ. ಇನ್ನು ಮುಂದಿನ ಸಮಾಚಾರವನ್ನು ಕುಳಿತುಕೊಂಡೇ ಓದತಕ್ಕದ್ದು.

ಅಂಗಡಿಯ ಕತ್ತರಿ ಹಿಡಿಯಬೇಕಾದ ಮಗಳು ಫ್ರೆಂಚ್ ಕಲಿಯಲು ಹೊರಟ ದಿನದಿಂದ ನಮ್ಮ ತಂದೆಯವರು ನಿನ್ನ ವಿಷಯದಲ್ಲಿ ಮೌನವ್ರತ ಹಿಡಿದಿರುವುದು ಲೋಕಪ್ರಸಿದ್ಧ. ನಿನ್ನ ಫೋನ್ ಬಂದರೆ ಸಾಕು, ಅವರಿಗೆ ಹಿಂದಿನ ಕೋಣೆಯಲ್ಲಿ ಗುಂಡಿ ಹುಡುಕುವ ಕೆಲಸ ಬರುತ್ತದೆ. ಅಂಥವರು ಹೋದ ವಾರ ಮೆಷಿನ್ನಿಗೆ ಎಣ್ಣೆ ಬಿಡುತ್ತಾ, ನನ್ನ ಮುಖ ನೋಡದೆ, "ಲೋ, ಕೋಟಿಗೆ ಆ ಭಾಷೇಲಿ ಏನಂತಾರೋ?" ಎಂದುಬಿಟ್ಟರು! ನೀನು ಬಿಟ್ಟುಹೋದ ದಪ್ಪ ಇಂಗ್ಲಿಷ್-ಫ್ರೆಂಚ್ ನಿಘಂಟು ತೆರೆದೆ. ಇಂಗ್ಲಿಷಿನವರು ಎಂಥ ಜಿಪುಣರು ಅಕ್ಕಾ! ಮೈಮೇಲೆ ಹಾಕುವುದೂ ಕೋಟು, ಬೆಕ್ಕಿನ ಮೈಮೇಲಿನ ಕೂದಲೂ ಕೋಟು, ಗೋಡೆಗೆ ಬಳಿದ ಬಣ್ಣವೂ ಕೋಟು. ಫ್ರೆಂಚರು ಮಾತ್ರ ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದಾರೆ. ನನ್ನ ಬುದ್ಧಿ ಗೊತ್ತಲ್ಲ. ಪರಮ ಗಂಭೀರನಾಗಿ ಬೆಕ್ಕಿನದನ್ನೇ ಹೇಳಿಕೊಟ್ಟೆ: ಪೆಲಾಜ್. ಮರುದಿನ ಬ್ಯಾಂಕ್ ಮ್ಯಾನೇಜರ್ ಬಂದಾಗ ಅಪ್ಪ ಎದೆಯುಬ್ಬಿಸಿ, "ಸಾರ್, ನಿಮ್ಮ ಪೆಲಾಜ್ ಗುರುವಾರ ರೆಡಿ" ಅಂದರು. ನಾನು ಬಟ್ಟೆಯ ಥಾನುಗಳ ಹಿಂದೆ ಬಿದ್ದು ಬಿದ್ದು ನಕ್ಕೆ. ಅಮ್ಮ ಕಿವಿ ಹಿಂಡಿ ಸತ್ಯ ಹೊರಡಿಸಿದಳು.

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅಪ್ಪ "ಸರಿಯಾದ್ದು ಬೊಗಳು" ಅಂದರಷ್ಟೆ! ಗಂಡಸರ ಉದ್ದ ಕೋಟಿಗೆ ಪಾರ್ದಸ್ಯು, ಹೆಂಗಸರದಕ್ಕೆ ಮಾಂತೊ ಎಂದೆ. ಪಾರ್ದಸ್ಯು ಅವರ ಕಿವಿಗೇ ಬೀಳಲಿಲ್ಲ. ಸೀಮೆಸುಣ್ಣ ಹಿಡಿದು "ಮಾಂತೊ, ಮಾಂತೊ" ಎಂದು ಬಾಯಿಪಾಠ ಶುರುವಾಯಿತು. ಅಕ್ಕಾ, ಗಮನಿಸು! ನಮ್ಮದು ತಾತನ ಕಾಲದಿಂದ ಬರೀ ಗಂಡಸರ ಬಟ್ಟೆ ಹೊಲಿಯುವ ಅಂಗಡಿ. ಮರುಬೆಳಿಗ್ಗೆ ನೋಡಿದರೆ, ಅಪ್ಪ ಯಾರಿಗೂ ಮುಟ್ಟಗೊಡದ ಆ ಕಡುನೀಲಿ ಉಣ್ಣೆಬಟ್ಟೆ ಕಪಾಟಿನಿಂದ ಮೇಜಿಗಿಳಿದಿತ್ತು! ಯಾರಿಗೆ ಎಂದರೆ "ಯಾರೋ ಗಿರಾಕಿಗೆ" ಅಂದರು. ಅಳತೆ ಬರೆದ ಚೀಟಿಯಿಲ್ಲ, ಟೇಪು ಮುಟ್ಟಲಿಲ್ಲ, ನೇರ ಕತ್ತರಿಯೇ. ಅಮ್ಮ ಕಾಜಾ ಹೊಲಿಯುತ್ತಾ ತಲೆಯೆತ್ತದೆ, "ಪಾಪ, ಆ ಗಿರಾಕಿಗೂ ನಮ್ಮ ಮಗಳ ಹಾಗೇ ಎಡಭುಜ ಒಂಚೂರು ಇಳಿಜಾರು, ನೋಡಿ" ಅಂದಳು. ಅಪ್ಪನಿಗೆ ತಕ್ಷಣ ಗುಂಡಿ ಹುಡುಕುವ ಕೆಲಸ ಬಂತು.

ಅಮ್ಮ ಆಶೀರ್ವಾದ ಕಳಿಸಿದ್ದಾಳೆ. ಅಪ್ಪ ಏನೂ ಕಳಿಸಿಲ್ಲ, ಕಾರಣ ಕೆಳಗಿದೆ.

ಅತಿ ವಿಧೇಯನೆಂದು ತಾನೇ ಹೇಳಿಕೊಳ್ಳುವ ನಿನ್ನ ತಮ್ಮ,
ಕೋತಿರಾಯ

ತಾ.ಕ.: ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಓದು! ಮಾಂತೊವನ್ನು ಪಾರ್ಸೆಲ್ ಮಾಡೋಣ ಅಂದೆ. "ಮೈಮೇಲೆ ಹಾಕಿ ನೋಡ್ದೆ ಪಕ್ಕಾ ಹೊಲಿಗೆ ಹಾಕಿದ್ದು ಯಾವಾಗ್ಲಾದ್ರೂ ನೋಡಿದ್ದೀಯೇನೋ? ಪೋಸ್ಟಲ್ಲಿ ಟ್ರಯಲ್ ಆಗುತ್ತಾ?" ಎಂದು ಗದರಿಸಿದ ಅಪ್ಪ, ಭಾನುವಾರ ಬೆಳಗಿನ ರೈಲಿಗೆ ತಾವೇ ಹೊರಟಿದ್ದಾರೆ! ಸ್ಟೇಷನ್ನಿಗೆ ಬಾ. ಹಳೆಯದೇನೂ ಎತ್ತಬೇಡ, ಕೈ ಅಗಲಿಸಿ ನಿಂತು ತೋಳಿನ ಉದ್ದ ಕೇಳು, ಸಾಕು. ಮಾತು ತಾನಾಗಿ ಬರುತ್ತದೆ. ಆದರೆ ಕೋಟು ತೊಟ್ಟ ಕೂಡಲೇ ಅಪ್ಪನನ್ನು ತಬ್ಬಿಕೊಳ್ಳಬೇಡ ಮಾರಾಯ್ತಿ, ಮೈತುಂಬ ಗುಂಡುಪಿನ್ನುಗಳಿವೆ. ಅವನ್ನು ತೆಗೆಯುವ ತನಕ ತಡೆದುಕೋ.