ಮೇಜರ್ ಸಾಹೇಬರ ದನಿ

ಅಕ್ಟೋಬರ್ 8, ಸೋಮವಾರ. ಬೆಳಿಗ್ಗೆ

ಚಳಿಗಾಲದ ಚಟ್ನಿಗೆ ದಪ್ಪ ಮೆಣಸಿನಕಾಯಿ ಸುಡುವುದು ಇನ್ನೂ ಮುಗಿದಿಲ್ಲ. ಬಾಲ್ಕನಿಯೆಲ್ಲ ಹೊಗೆ. ಕೆಳಗಿನ ಮನೆಯಲ್ಲೂ ಅದೇ, ಎದುರು ಮನೆಯಲ್ಲೂ ಅದೇ. ಅಕ್ಟೋಬರ್ ಬಂದರೆ ಬೆಲ್‌ಗ್ರೇಡಿಗೆ ಬೇರೆ ಕೆಲಸವಿಲ್ಲ. ಮಾವ ಸಿಪ್ಪೆ ಸುಲಿಯುತ್ತಾರೆ. ನಾನು ಎದುರಿಗೆ ಕೂತು ಅವರ ಹೊಸ ಸಿನಿಮಾದ ಸ್ಕ್ರಿಪ್ಟ್ ಹಿಡಿದು ಹೆಂಗಸಿನ ಮಾತು ಓದುತ್ತೇನೆ.

"ಭಯ ಪಡ್ಬೇಡಮ್ಮ. ನಾನಿಲ್ಲೇ ಕೂತಿದೀನಿ."

ಮಾವನದು ಇಷ್ಟೇ ಮಾತು. ನಿನ್ನೆಯಿಂದ ಹೇಳುತ್ತಿದ್ದಾರೆ. ಕೈದಿಗೆ ಹುಕುಂ ಕೊಟ್ಟ ಹಾಗಿರುತ್ತದೆ.

"ಮಾವ, ಅವಳು ಹೆದರಿದಾಳೆ. ನೀವು ಇನ್ನೂ ಹೆದರಿಸ್ತಿದೀರಿ."

"ಏನ್ಮಾಡ್ಲೆ? ಬೆನ್ನು ನೆಟ್ಟಗೆ ನಿಂತ್ಬಿಡುತ್ತೆ. ಬೆನ್ನು ನಿಂತ್ರೆ ಮಾತೂ ನಿಲ್ಲುತ್ತೆ."

ಕೂತೇ ಇದ್ದರು, ಕೈತುಂಬ ಮೆಣಸಿನಕಾಯಿಯ ರಸ. ಬೆನ್ನು ಮಾತ್ರ ಪರೇಡಿನಲ್ಲಿತ್ತು.

ಮಾವ ಹುಡುಗರಾಗಿದ್ದ ಕಾಲದ ಎರಡನೇ ಮಹಾಯುದ್ಧದ ಸಿನಿಮಾಗಳಲ್ಲಿ ನಮ್ಮವರೆಲ್ಲ ಕಾಡಿನಲ್ಲಿ ಹೋರಾಡುವ ವೀರರು. ಎದುರಾಳಿ ಜರ್ಮನರು ಬೇಕಲ್ಲ. ಮಾವ ನಾಟಕಶಾಲೆಯ ಎರಡನೇ ವರ್ಷದಲ್ಲಿದ್ದಾಗ ಯಾರೋ ಅವರ ಕೆನ್ನೆಯ ಮೂಳೆ ನೋಡಿದರಂತೆ. ಮುಗಿಯಿತು. ಅಂದಿನಿಂದ ಜರ್ಮನ್ ಅಧಿಕಾರಿ. ಜರ್ಮನ್ ಭಾಷೆ ಇವತ್ತಿಗೂ ಬರುವುದಿಲ್ಲ. ಮಾತನ್ನು ನಮ್ಮ ಲಿಪಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದರು. ಅರ್ಥ ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

ಈಗ ಎಪ್ಪತ್ತೆಂಟರ ವಯಸ್ಸಿನಲ್ಲಿ ಮೊದಲ ಸಲ ಬೇರೆ ಪಾತ್ರ. ದುನ್ಯಾ ಎಂಬ ಹುಡುಗಿ ನಿರ್ದೇಶಿಸುವ ಮೊದಲ ಸಿನಿಮಾ. ಹಳೆಯ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಹೋಗುತ್ತದೆ, ಒಳಗೆ ಒಬ್ಬ ಹೆಂಗಸು. ಆ ಮಹಡಿಯ ಮುದುಕ, ಹೆಂಡತಿ ತೀರಿಕೊಂಡವನು, ಸ್ಟೂಲು ಎಳೆದುಕೊಂಡು ಬಂದು ಬಾಗಿಲ ಹೊರಗೆ ಕೂತು ಮಾತಾಡುತ್ತಾ ಇರುತ್ತಾನೆ. ಮೆಕ್ಯಾನಿಕ್ ಬರುವ ತನಕ. ಅಷ್ಟೇ ಕಥೆ.

"ಅಷ್ಟೇನಾ?" ಎಂದು ಮಾವ ಮೊದಲ ದಿನ ಕೇಳಿದ್ದರು. "ಯಾರನ್ನೂ ಗುಂಡು ಹಾರ್ಸಿ ಕೊಲ್ಲಲ್ವಾ?"

ಅಕ್ಟೋಬರ್ 13, ಶನಿವಾರ

ಸ್ರೆತೆನ್‌ನ ಕಾಫಿ ಅಂಗಡಿ. ಒಳಗೆ ಕಾಲಿಡುತ್ತಿದ್ದ ಹಾಗೇ ಸ್ರೆತೆನ್ ಕೌಂಟರಿನ ಹಿಂದೆ ಅಟೆನ್ಷನ್‌ನಲ್ಲಿ ನಿಂತ. ಎಂದಿನ ಹಾಗೆ.

"ಬನ್ನಿ ಬನ್ನಿ ಮೇಜರ್ ಸಾಹೇಬ್ರೆ! ಪೂರ್ವದ ಗಡಿಯಲ್ಲಿ ಏನ್ ಸಮಾಚಾರ?"

"ನಿನ್ನ ಕಾಫಿಗಿಂತ ವಾಸಿ ಕಣೋ."

"ಅಲ್ಲಾ ಸಾಹೇಬ್ರೆ, ಇಷ್ಟ್ ವರ್ಷ ದುಡಿದ್ರಿ, ಒಂದ್ ಪ್ರಮೋಷನ್ ಆದ್ರೂ ಬೇಡ್ವಾ? ಕರ್ನಲ್ ಮಾಡ್ಬಹುದಿತ್ತು ನಿಮ್ಮನ್ನ."

ಮಾವ ನಕ್ಕರು. ಚೆನ್ನಾಗಿಯೇ ನಕ್ಕರು. ಸಕ್ಕರೆ ಕಲಕುವಾಗ ಮಾತ್ರ ನನ್ನ ಕಡೆ ನೋಡದೆ ಹೇಳಿದರು: "ಇವನಿಗೆ ನನ್ನ ಹೆಸ್ರು ಗೊತ್ತೋ ಇಲ್ವೋ ಅಂತ ಒಂದೊಂದ್ಸಲ ಅನ್ಸುತ್ತೆ."

ವೆಲಿಬೋರ್. ಅಮ್ಮನ ಒಬ್ಬನೇ ತಮ್ಮ. ಅಮ್ಮ ಬಿಟ್ಟರೆ ಹಾಗೆ ಕರೆದವರು ಕಡಿಮೆಯೇ.

ಅಕ್ಟೋಬರ್ 21, ಭಾನುವಾರ

ಶೂಟಿಂಗ್ ಮುಗಿಸಿ ಬಂದರು. ಬಾಗಿಲಲ್ಲೇ ಶುರು.

"ಚಪ್ಪಲಿ ಕಣೆ ನೆವೆನಾ! ಮನೇಲಿ ಹಾಕ್ಕೊಳೋ ಬಟ್ಟೆ ಚಪ್ಪಲಿ! ಬೂಟಿಲ್ಲ, ಟೋಪಿಯಿಲ್ಲ, ಬೆಲ್ಟಿಲ್ಲ. ಕೈ ಎಲ್ಲಿಡ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ."

"ಎಲ್ಲಿಟ್ರಿ?"

"ಮಡಿಲಲ್ಲಿಟ್ಕೊಂಡೆ. ಆ ಹುಡುಗಿ 'ಅದೇ, ಅದೇ, ಹಾಗೇ ಇರಿ ತಾತ' ಅಂದ್ಳು. ನಾನೇನೂ ಮಾಡಿರ್ಲಿಲ್ಲ!"

ಬೆನ್ನು ಬಾಗಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಆಯಾಸದಿಂದ ತಾನಾಗಿಯೇ.

ಊಟದ ನಂತರ ಕವಿತೆ ಓದಲು ಕೂತೆ, ಓದಿದ್ದು ಒಳಗೆ ಇಳಿಯಲಿಲ್ಲ. ಪದಗಳಿಗೂ ಮಾವನದೇ ಗತಿ ಅನ್ನಿಸಿತು. ಚಂದ್ರ ಬಂದರೆ ವಿರಹ. ನದಿ ಬಂದರೆ ಕಾಲ. ಒಂದು ಸಲ ಚೆನ್ನಾಗಿ ಮಾಡಿದವು, ಆಮೇಲೆ ಅದೇ ಪಾತ್ರ. ತಪ್ಪು ಚಂದ್ರನದೇ? ಒಳ್ಳೆಯ ಕವಿ ಚಂದ್ರನಿಗೆ ಬೇರೆ ಕೆಲಸ ಕೊಡುತ್ತಾನೆ, ಸರಿ. ಆದರೆ ಓದುಗನೂ ಬಿಡಬೇಕಲ್ಲ...

ನವೆಂಬರ್ 30, ಶುಕ್ರವಾರ

ಇಷ್ಟು ದಿನ ಬರೆಯಲಿಲ್ಲ. ಕೆಲಸ. ಪಠ್ಯಪುಸ್ತಕದ ಕರಡು ತಿದ್ದಿ ತಿದ್ದಿ ಕಣ್ಣು ಹೋಯಿತು.

ಇವತ್ತು ಬರೆಯಲೇಬೇಕು. ಸಿನಿಮಾದ ಮೊದಲ ಪ್ರದರ್ಶನ — ಬಿಡುಗಡೆಯಲ್ಲ, ಜನ ಹೇಗೆ ನೋಡುತ್ತಾರೆಂದು ತಿಳಿಯಲು ಒಂದು ಸಣ್ಣ ಥಿಯೇಟರಿನಲ್ಲಿ. ಮಾವನಿಗೆ ಶೀತ, ಬಂದಿರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು.

ಮೊದಲ ದೃಶ್ಯ: ಕತ್ತಲ ಮೆಟ್ಟಿಲು, ಒಂದು ಬಾಗಿಲು ತೆರೆಯುತ್ತದೆ, ಮಾವನ ಮುಖ. ಜನ ನಕ್ಕರು. ಕೆಟ್ಟ ನಗೆಯಲ್ಲ ಅದು. ಎಷ್ಟೋ ವರ್ಷದ ನಂತರ ಸಿಕ್ಕ ನೆಂಟನನ್ನು ಕಂಡ ಹಾಗೆ. ಹಿಂದಿನ ಸಾಲಿನಿಂದ ಒಬ್ಬ ಜರ್ಮನ್ ಅಧಿಕಾರಿಯ ಠೀವಿಯಲ್ಲಿ "ಹಾಲ್ಟ್!" ಎಂದು ಕೂಗಿದ. ಮತ್ತೆ ನಗು. ಮಾವ ಸ್ಟೂಲು ತಂದರು, ನಗು. "ಭಯ ಪಡ್ಬೇಡಮ್ಮ" ಅಂದರು — ಎಷ್ಟು ಮೆತ್ತಗೆ ಅಂದಿದ್ದರು! — ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಕ್ಕಿತು.

ದುನ್ಯಾ ಎದ್ದು ಹೊರಗೆ ಹೋದಳು. ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದಳು. ಅವಳ ನಿರ್ಮಾಪಕ ಫೋನಿನಲ್ಲಿದ್ದ.

ಡಿಸೆಂಬರ್ 1, ಶನಿವಾರ

ದುನ್ಯಾ ಮನೆಗೆ ಬಂದಳು. ಮಾವ ಒಳಗೆ ಮಲಗಿದ್ದರು. ಅಡಿಗೆಮನೆಯಲ್ಲಿ, ತಗ್ಗಿದ ದನಿಯಲ್ಲಿ ಮಾತು.

"ಅಕ್ಕ, ರಾತೊಮಿರ್ ಒಪ್ಕೊಂಡಿದಾರೆ. ತಾತನ ಭಾಗವನ್ನೆಲ್ಲ ಅವರನ್ನಿಟ್ಕೊಂಡು ಮತ್ತೆ ಶೂಟ್ ಮಾಡೋಣ ಅಂತಿದಾರೆ ನಿರ್ಮಾಪಕರು."

ರಾತೊಮಿರ್! ಪಾದ್ರಿ ಮಾಡಿದ್ದಾನೆ, ಕಳ್ಳ ಮಾಡಿದ್ದಾನೆ, ಕುರುಡ, ರಾಜ, ಒಮ್ಮೆ ಯಾರದೋ ಅಜ್ಜಿಯನ್ನೂ ಮಾಡಿದ. ಪೇಪರಿನವರಿಗೆ ಬಹುಮುಖ ಪ್ರತಿಭೆ ಎಂದರೆ ಅವನೇ.

"ನಿನಗೇನನ್ಸುತ್ತೆ?"

"ಒಳ್ಳೆ ನಟ." ಉಗುರು ಕಚ್ಚಿದಳು. "ಆದ್ರೆ ಅವರು ಸ್ಟೂಲ್ ಮೇಲೆ ಕೂತ್ರೆ ಜನ 'ಆಹಾ, ಎಷ್ಟ್ ಚೆನ್ನಾಗಿ ಕೂತಿದಾನೆ' ಅಂತಾರೆ ಅಕ್ಕ. ನಂಗೆ ಕೂತಿರೋ ಮನುಷ್ಯ ಬೇಕು."

ಹುಡುಗಿಗೆ ಮೂವತ್ತೂ ಆಗಿಲ್ಲ. ಜಾಣೆ. ನಾನು ಇಷ್ಟು ವರ್ಷ ಈ ಬಹುಮುಖತೆಯ ಬಗ್ಗೆ ತಲೆ ಕೆಡಿಸಿಕೊಂಡು ಇಷ್ಟು ನೇರವಾಗಿ ಹೇಳಲಾರದೆ ಹೋದೆ. ನಟನ ವ್ಯಾಪ್ತಿ ಅಂತ ಅಳೆಯುತ್ತೇವೆ, ಹತ್ತು ವೇಷ ಹಾಕಿದರೆ ಹತ್ತು ಅಂಕ. ಒಂದೇ ವೇಷ ಹಾಕಿದವನಿಗೆ ಬೇರೆಯದು ಬರುತ್ತಿರಲಿಲ್ಲ ಎಂದು ಹೇಗೆ ಗೊತ್ತು? ಕೇಳಿದವರು ಯಾರು?

"ಟೈಮ್ ಕೊಟ್ಟಿದಾರಾ?"

"ಮುಂದಿನ್ವಾರದ ತನಕ. ನೀವೇ ತಾತಂಗೆ ಹೇಳ್ಬೇಕು. ನನ್ ಕೈಲಾಗಲ್ಲ."

ಡಿಸೆಂಬರ್ 2

ಹೇಳಿದೆ. ಶಾಲು ಹೊದ್ದು ಕಿಟಕಿಯ ಬಳಿ ಕೂತಿದ್ದರು.

"ನಕ್ರಾ?"

"ನಕ್ಕರು."

"ಎಲ್ಲಿಂದ?"

"ಮೊದಲಿಂದ್ಲೇ."

"ಹಾಗಾದ್ರೆ ನನ್ನ ಆಕ್ಟಿಂಗ್‌ಗಲ್ಲ ನಕ್ಕಿದ್ದು." ಶಾಲು ಎಳೆದುಕೊಂಡು, "ಅದು ಇನ್ನೂ ಕಷ್ಟ ಕಣೆ. ಆಕ್ಟಿಂಗ್ ಆಗಿದ್ರೆ ತಿದ್ಕೋಬಹುದಿತ್ತು."

ಡಿಸೆಂಬರ್ 4, ಮಂಗಳವಾರ. ಸಂಜೆ

ಮೈಗ್ರೇನ್. ಬೆಳಕು ಆಗದು. ಪರದೆ ಎಳೆದು, ಕಣ್ಣಿನ ಮೇಲೆ ಒದ್ದೆ ಬಟ್ಟೆ. ದುನ್ಯಾ ಕಳಿಸಿದ ಸಿನಿಮಾವನ್ನು ಕೊನೆಗೊಂದು ಸಲ ನೋಡಬೇಕಿತ್ತು. ನೋಡಲಾಗಲಿಲ್ಲ. ಲ್ಯಾಪ್‌ಟಾಪಿನ ಮುಖ ಗೋಡೆಗೆ ತಿರುಗಿಸಿ ಕೇಳಿದೆ.

ಕೇಳುತ್ತಾ ಕೇಳುತ್ತಾ ತಲೆನೋವು ಮರೆತೇ ಹೋಯಿತು.

ಯಾರಿದು? ಹೆಂಡತಿ ಮಾಡುತ್ತಿದ್ದ ಹುರುಳಿಕಾಯಿ ಸೂಪಿನ ಬಗ್ಗೆ ಹೇಳುತ್ತಿದ್ದಾನೆ ಒಬ್ಬ. ಉಪ್ಪು ಹೆಚ್ಚಾದರೆ ಆಲೂಗಡ್ಡೆ ಹಾಕುತ್ತಿದ್ದಳಂತೆ, ಅದು ತಪ್ಪು ಎಂದು ಇವನು ಜಗಳವಾಡುತ್ತಿದ್ದನಂತೆ. ಸಣ್ಣಗೆ ಕರಕರ ಎನ್ನುವ ದನಿ. ಮಾತಿನ ನಡುವೆ ಕೇಳುವವಳಿಗೆ ಜಾಗ ಬಿಟ್ಟು ಮಾತಾಡುವವನು.

ಎದ್ದು ಕೂತೆ. ಈ ದೇಶದಲ್ಲಿ — ಆಗಿನ ದೊಡ್ಡ ದೇಶದಲ್ಲಿ, ಅದು ಈಗ ಇಲ್ಲವೇ ಇಲ್ಲ — ಮಾವನ ಮುಖ ನೋಡದವರಿಲ್ಲ. ಆದರೆ ಈ ಸಿನಿಮಾಕ್ಕೆ ಮುಂಚೆ ನಮ್ಮದೇ ಸೆರ್ಬಿಯನ್ ಭಾಷೆಯಲ್ಲಿ ಅವರು ಮಾತಾಡಿದ್ದನ್ನು ತೆರೆಯ ಮೇಲೆ ಒಬ್ಬರೂ ಕೇಳಿಲ್ಲ. ಒಂದೇ ಒಂದು ವಾಕ್ಯವನ್ನೂ ಕೇಳಿಲ್ಲ.

ದುನ್ಯಾಗೆ ಫೋನ್. "ಕ್ಯಾಮೆರಾ ಲಿಫ್ಟಿನ ಒಳಗಿಂದ ತೆಗೆದದ್ದು ಇದೆಯಲ್ಲ? ಆ ಹೆಂಗಸಿನ ಜೊತೆ ಒಳಗೇ ಇರು. ಹೊರಗೆ ಬರ್ಬೇಡ. ಅವಳಿಗೆ ಮಾವ ಕಾಣಲ್ಲ. ನಮಗ್ಯಾಕೆ ಕಾಣ್ಬೇಕು?"

ಆ ಕಡೆಯಿಂದ: "ಅಕ್ಕ, ಫೋನ್ ಇಡ್ತೀನಿ. ಎಡಿಟಿಂಗ್‌ಗೆ ಕೂರ್ಬೇಕು."

ಡಿಸೆಂಬರ್ 9, ಭಾನುವಾರ

ದುನ್ಯಾ ಖುಷಿಯಿಂದ ಹೇಳಲು ಬಂದಳು. ಹೊಸ ಜೋಡಣೆ ನೋಡಿ ನಿರ್ಮಾಪಕ ಒಪ್ಪಿದ್ದಾನೆ, ಚಳಿಗಾಲ ಮುಗಿದ ಮೇಲೆ ಇನ್ನೊಮ್ಮೆ ಜನರ ಮುಂದೆ ಹಾಕಿ ನೋಡೋಣ ಅಂದಿದ್ದಾನೆ. ಆಗಲೂ ನಕ್ಕರೆ ರಾತೊಮಿರ್.

ಮಾವ ಪೂರ್ತಿ ಕೇಳಿದರು. ಹಣ್ಣಿನ ಸಾರಾಯಿ ರಾಕಿಯಾದ ಲೋಟ ಕೆಳಗಿಟ್ಟರು.

"ಅಂದ್ರೆ ನನ್ನ ಮುಖ ಬಚ್ಚಿಡ್ತೀರಿ."

"ಅರ್ಧದ ತನಕ ಮಾತ್ರ ತಾತ, ಆಮೇಲೆ..."

"ಆಗ ಮುಖ ಇಟ್ಕೊಂಡು ಮಾತು ಕಿತ್ಕೊಂಡ್ರು. ಈಗ ಮಾತು ಇಟ್ಕೊಂಡು ಮುಖ ಕಿತ್ಕೊಳಿ. ನಾನು ಪೂರ್ತಿ ಒಬ್ಬ ಮನುಷ್ಯ ಯಾವ್ ಸಿನಿಮಾದಲ್ಲಮ್ಮ?"

ಅವಳು ಹೋದ ಮೇಲೆ ನನ್ನ ಮೇಲೆ ಹರಿಹಾಯ್ದರು. "ಐಡಿಯಾ ನಿಂದಂತೆ. ಓದಿದವಳು ನೋಡು!" ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೋಪ ಬಂತು ನನಗೆ. ಒಂದು ಗಂಟೆಯ ಮೇಲೆ ನಿಲ್ಲಲಿಲ್ಲ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಜನವರಿ 11, ಶುಕ್ರವಾರ

ಏಳನೇ ತಾರೀಕಿನ ಹಬ್ಬ ಮುಗಿಯಿತು. ನಮ್ಮ ಕ್ರಿಸ್‌ಮಸ್ ಊಟಕ್ಕೂ ಮಾವ ಸುಮ್ಮನೆ ಕೂತು ಸುಮ್ಮನೆ ಎದ್ದು ಹೋಗಿದ್ದರು. ಇವತ್ತು ಹೊರಗಿಂದ ಬಂದವರು ಹಿಮ ಒದರಿಕೊಂಡು ತಾವಾಗಿಯೇ ನನ್ನ ಹತ್ತಿರ ಬಂದರು.

"ಎಲ್ಲಿ, ಹಾಕು ಆ ಸಿನಿಮಾನ. ನೀನು ಕೇಳಿದ ಹಾಗೇನೇ. ಪರದೆ ಎಳಿ."

ಸೋಫಾದಲ್ಲಿ ಕೂತರು, ಕಣ್ಣು ಮುಚ್ಚಿ. ನಾನು ಅಡಿಗೆಮನೆಗೆ ಹೋದೆ. ನೋಡಬಾರದು ಅನ್ನಿಸಿತು. ಮುಗಿದ ಮೇಲೆ ಕರೆದರು.

"ನೆವೆನಾ."

"ಏನ್ ಮಾವ?"

"ಇದು ನಮ್ಮಪ್ಪನ ದನಿ ಕಣೆ. ನಂಗೆ ಬಂದಿದೆ ಅಂತ ಗೊತ್ತೇ ಇರ್ಲಿಲ್ಲ." ಮೂಗು ಒರೆಸಿಕೊಂಡರು. "ಸರಿ. ಆ ಹುಡುಗಿಗೆ ಹೇಳು, ಕತ್ತಲೆ ಇರ್ಲಿ ಅಂತ. ಆದ್ರೆ ನನ್ನ ಮುಖದ ಮೇಲೆ ಬೆಳಕು ಬಂದಾಗ ಚೆನ್ನಾಗ್ ಬರ್ಬೇಕು. ನೆರಳಲ್ಲಿ ಗಿರಳಲ್ಲಿ ಅಲ್ಲ."

ಮಾರ್ಚ್ 16, ಶನಿವಾರ. ವಾಲ್ಯೆವೊ ಪಟ್ಟಣ. ವ್ಯಾನಿನಲ್ಲಿ ಕೂತು

ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಹೀಗೇ ಇರಲಿ.

ಎರಡನೇ ಪ್ರದರ್ಶನ, ಥಿಯೇಟರು ತುಂಬಿತ್ತು. ಅರ್ಧಕ್ಕರ್ಧ ವಯಸ್ಸಾದವರು, ಆ ಯುದ್ಧದ ಸಿನಿಮಾ ನೋಡಿಯೇ ಬೆಳೆದವರು. ಇದಕ್ಕಿಂತ ಕಷ್ಟದ ಪ್ರೇಕ್ಷಕರು ಸಿಗರು. ನಿರ್ಮಾಪಕ ಬೇಕೆಂದೇ ಆರಿಸಿದ್ದಾನೆ. ಮಾವ ನನ್ನ ಪಕ್ಕ, ಕೊನೆಯ ಸಾಲಿನಲ್ಲಿ, ಟೋಪಿ ಕಣ್ಣಿನ ತನಕ ಇಳಿಸಿ.

ಕತ್ತಲೆ. ಲಿಫ್ಟಿನಲ್ಲಿ ಹೆಂಗಸಿನ ಉಸಿರು. ಆಮೇಲೆ ಆ ದನಿ. "ಭಯ ಪಡ್ಬೇಡಮ್ಮ. ನಾನಿಲ್ಲೇ ಕೂತಿದೀನಿ." ಒಬ್ಬರೂ ನಗಲಿಲ್ಲ. ಸೂಪಿನ ಮಾತಿಗೆ ನಕ್ಕರು — ನಗಬೇಕಾದ ಜಾಗ ಅದು! ಮಾವ ನನ್ನ ಕೈ ಹಿಡಿದರು, ಬಿಡಲಿಲ್ಲ.

ಅರ್ಧ ದಾಟಿತು. ಕ್ಯಾಮೆರಾ ಹೊರಗೆ ಬಂತು. ಸ್ಟೂಲು, ಚಪ್ಪಲಿ, ಮಡಿಲಲ್ಲಿ ಕೈ. ಮುಖ. ಪೂರ್ತಿ ಬೆಳಕಿನಲ್ಲಿ.

ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಗಂಡಸು ಕುರ್ಚಿಯಲ್ಲಿ ಮುಂದಕ್ಕೆ ಬಂದ. "ಅಯ್ಯೋ, ನೋಡೇ, ಇವ್ನು ನಮ್ಮ ಮೇಜ..."

ಹೆಂಡತಿ ಅವನ ತೋಳಿಗೆ ಹೊಡೆದಳು. "ಸುಮ್ನಿರ್ರಿ! ಪಾಪ, ಆ ಹುಡುಗಿ ಇನ್ನೂ ಒಳಗೇ ಇದಾಳೆ."

ಅವನು ಸುಮ್ಮನಾದ. ಅಷ್ಟೇ. ಮತ್ತೆ ಯಾರೂ ನಗಲಿಲ್ಲ. ದುನ್ಯಾ ಗೋಡೆಗೆ ಒರಗಿ ನಿಂತಿದ್ದಳು, ಎರಡೂ ಕೈ ಬಾಯಿಯ ಮೇಲೆ.

ಮಾವ ನನ್ನ ಕಿವಿಯಲ್ಲಿ: "ನನ್ನ ಸಿನಿಮಾ ಒಂದನ್ನೂ ಕೊನೇತನಕ ನೋಡಿಲ್ಲ ಕಣೆ. ಮಧ್ಯದಲ್ಲೇ ಸತ್ತಿರ್ತಿದ್ದೆ, ಎದ್ದು ಹೋಗ್ತಿದ್ದೆ." ಕೊನೆಯ ತನಕ ಕೂತರು.

ನಿರ್ಮಾಪಕ ಈಗ ಬಂದು ವ್ಯಾನಿನ ಕಿಟಕಿ ತಟ್ಟಿದ. ರಾತೊಮಿರ್‌ಗೆ ಬೇಡ ಅಂತ ಹೇಳಿಬಿಟ್ಟನಂತೆ. ಹೊರಡೋಣ, ಕತ್ತಲಾಗುತ್ತೆ ಅಂದ. ಎಲ್ಲರೂ ಹತ್ತಿದ್ದಾರೆ, ಮಾವ ಒಬ್ಬರಿಲ್ಲ.

ಅಲ್ಲಿದ್ದಾರೆ, ಮೆಟ್ಟಿಲ ಮೇಲೆ. ಆ ಮುಂದಿನ ಸಾಲಿನ ಹೆಂಗಸು ಅವರ ಕೋಟಿನ ಗುಂಡಿ ಹಿಡಿದು ಏನೋ ಹೇಳುತ್ತಿದ್ದಾಳೆ. ಗಂಡ ದೂರದಲ್ಲಿ ಕಾಯುತ್ತಿದ್ದಾನೆ. ತೆರೆದ ಕಿಟಕಿಯಿಂದ ಅರ್ಧಂಬರ್ಧ ಕೇಳುತ್ತದೆ — ತಂಗಿ, ಆಸ್ಪತ್ರೆ, ಆ ವಾರವೆಲ್ಲ ಮಾತಾಡಿಸಲು ಯಾರೂ ಇರಲಿಲ್ಲ... ಮಾವ ಮಧ್ಯೆ ಬಾಯಿ ಹಾಕುತ್ತಿಲ್ಲ. ಅವಳ ಕಡೆ ಬಾಗಿ ನಿಂತಿದ್ದಾರೆ, ಟೋಪಿ ಕೈಯಲ್ಲಿದೆ.

ಡ್ರೈವರ್ ಹಾರ್ನ್ ಮಾಡಿದ. ಮಾವ ಈ ಕಡೆ ತಿರುಗಲಿಲ್ಲ, ಕೈ ಮಾತ್ರ ಎತ್ತಿದರು, ತಡೀರಿ ಎಂದು.

ನಾನೇ ಇಳಿದು ಕರೆಯಬೇಕಂತೆ. ಕರೆಯುತ್ತೇನೆ. ಅವಳ ಮಾತು ಒಂದು ಮುಗಿಯಲಿ.