ಪಟ್ಟಿಯಲ್ಲಿಲ್ಲದ ಕೈ

ಈಸ್ಟ್ ಹಾರ್ಲೋ, ವರ್ಮಾಂಟ್
ಮಾರ್ಚ್ ೬

ಊರಸಭೆ ನಡೆಸುವ ಶ್ರೀಮತಿ ಪೆಲ್ಕಿಯವರಿಗೆ,

ನಮಸ್ಕಾರ. ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರು ಮಾತಾಡಲು ಸಭೆ ಒಪ್ಪಬೇಕು. ಮಂಗಳವಾರ ನನಗಾಗಿ ನೀವು ಸಭೆಯನ್ನು ಕೇಳಿ ಒಪ್ಪಿಸಿದಿರಿ. "ಶಾಲೆ ಬಿಟ್ಟವಳು ನಮಗೇನು ಪಾಠ ಹೇಳ್ತಾಳೆ?" ಎಂದು ಡೇರಿಯ ಕ್ಲೈಡ್ ಕೂಗಿದಾಗ, "ಕೂತ್ಕೊಳೋ ಕ್ಲೈಡ್, ನೀನೆಷ್ಟು ಓದಿದ್ದೀಯ ಅಂತ ನಂಗೊತ್ತು" ಎಂದು ಗದರಿದಿರಿ. ಹತ್ತನೇ ತರಗತಿ ಬಿಟ್ಟ ಮೇಲೆ ನನ್ನ ಮಾತನ್ನು ಕೊನೆಯವರೆಗೆ ಕೇಳಿಸಿಕೊಂಡದ್ದು ನೀವೇ ಮೊದಲು. ಅದನ್ನು ಮರೆಯಲಾರೆ.

ಅಜ್ಜನ ಕಾಲದಲ್ಲಿ ಆ ಸಭಾಂಗಣದಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲವಂತೆ. ಈ ಸಲ ಮತಕ್ಕೆ ಎದ್ದದ್ದು ಎಪ್ಪತ್ತೊಂದು ಕೈಗಳು. ಅಂಚೆಯಲ್ಲೇ ಮತ ಹಾಕಿದರೆ ಸಾಕೆಂದವು ಮೂವತ್ತೈದು. ವರ್ಷವರ್ಷವೂ ಹೀಗೆ ಸಭೆ ಸೇರುವುದು ಮುಂದುವರಿಯಲಿ ಎಂಬ ಗೊತ್ತುವಳಿ ಒಂದೇ ಮತದಿಂದ ಗೆದ್ದಿತು.

ಗೆದ್ದವರಲ್ಲಿ ನನ್ನ ಕೈಯೂ ಇತ್ತು. ಮಾತಿಗೆ ಒಪ್ಪಿಗೆ ಸಿಕ್ಕಿದರೆ ಮತಕ್ಕೂ ಸಿಕ್ಕಿತೆಂದುಕೊಂಡಿದ್ದೆ. ನಿನ್ನೆ ಊರ ಕಚೇರಿಯ ಗುಮಾಸ್ತರನ್ನು ಕೇಳಿದೆ, ತಪ್ಪಂತೆ. ದಯವಿಟ್ಟು ನನ್ನದನ್ನು ಕಳೆದುಬಿಡಿ. ಸಮವಾದರೆ ಗೊತ್ತುವಳಿ ಬೀಳುತ್ತದೆಂದು ಬಲ್ಲೆ.

ಇವತ್ತು ಪಟ್ಟಿಗೆ ಹೆಸರು ಸೇರಿಸಿದ್ದೇನೆ. ಗೊತ್ತುವಳಿಯನ್ನು ಮತ್ತೆ ಮತಕ್ಕೆ ಹಾಕಲು ಊರವರ ಸಹಿ ಬೇಕಂತೆ. ನಾಳೆಯಿಂದ ಮನೆಮನೆ ತಿರುಗುತ್ತೇನೆ. ನಿಮ್ಮಲ್ಲಿಗೂ ಬರುತ್ತೇನೆ. ಸಹಿ ಹಾಕದಿದ್ದರೂ ಬೇಸರವಿಲ್ಲ, ನಾಯಿಯನ್ನು ಮಾತ್ರ ಕಟ್ಟಿಹಾಕಿರಿ.

ನಿಮ್ಮ ಉಪಕಾರ ನೆನೆಯುವ,
ಕೋರಾ ಥಿಬೋ